ರಿಪೋರ್ಟಿನ ಪದಗಳನ್ನು ಬಾಲದಿಂದ ಓದಿ

ಮಳೆಗಾಲದಲ್ಲಿ ಜ್ವರ ಮೂರು ದಿನ ಬಿಡದಿದ್ದರೆ ಮುಂಬೈಯ ಡಾಕ್ಟರು ಸಾಮಾನ್ಯವಾಗಿ ಮೊದಲು ಬರೆಯುವುದು ರಕ್ತದ ಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ರಿಪೋರ್ಟು ಮೊಬೈಲಿಗೆ ಬರುತ್ತದೆ. ಡಾಕ್ಟರು ಸಿಗುವುದು ಮರುದಿನ. ಆ ನಡುವಿನ ರಾತ್ರಿ ‘ಥ್ರಾಂಬೊಸೈಟೊಪೀನಿಯಾ’ ಎಂಬ ಒಂದೇ ಪದ ಇಡೀ ಮನೆಯ ನಿದ್ದೆ ಕೆಡಿಸುತ್ತದೆ. ವಿಜಯಪುರ, ಕಲಬುರಗಿ ಕಡೆಯಿಂದ ಚಿಕಿತ್ಸೆಗೆಂದು ಪರೇಲಿಗೆ ಬಂದವರ ಫೈಲು ಡೊಂಬಿವಲಿಯಲ್ಲೋ ಗೋರೆಗಾಂವಿನಲ್ಲೋ ಇರುವ ನೆಂಟರ ಕೈ ಸೇರುತ್ತದೆ. ಕಾರವಾರದವರು ಗೋವಾದ ಬಾಂಬೋಳಿ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ಇದೇನು ಬರೆದಿದ್ದಾರೆ ಎಂದು ಕೇಳುತ್ತಾರೆ. ‘ನಿನಗೆ ಇಂಗ್ಲಿಷ್ ಬರುತ್ತದಲ್ಲ, ಓದಿ ಹೇಳು’ ಎಂದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ತಡವರಿಸುತ್ತಾರೆ. ಅದು ಅವರ ತಪ್ಪಲ್ಲ. ಆ ಪದಗಳಲ್ಲಿ ಹೆಚ್ಚಿನವು ಇಂಗ್ಲಿಷಿನವೇ ಅಲ್ಲ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಯವು. ಆದರೆ ಅವುಗಳನ್ನು ಕಟ್ಟಿರುವ ಬಗೆ ನಮ್ಮ ಸಮಾಸಗಳದೇ. ತುಂಡುಗಳಲ್ಲಿ ಎಷ್ಟೋ ನಾವು ದಿನವೂ ಆಡುವ ಸಂಸ್ಕೃತ ಮೂಲದ ಮಾತುಗಳಿಗೆ ದಾಯಾದಿಗಳು. ಹಾಗಾಗಿ ಕನ್ನಡ ಓದುವವರಿಗೆ ಈ ಬೀಗದ ಅರ್ಧ ಕೀಲಿ ಮನೆಯಲ್ಲೇ ಇದೆ.

ಒಂದು ಪದ, ಮೂರು ತುಂಡು

ನಿದ್ದೆ ಕೆಡಿಸಿದ ಪದವನ್ನೇ ಬಿಡಿಸೋಣ. ಥ್ರಾಂಬೊಸ್ ಎಂದರೆ ಗ್ರೀಕಿನಲ್ಲಿ ಹೆಪ್ಪು. ಕೈಟೊಸ್ ಎಂದರೆ ಪೊಳ್ಳಾದ ಪಾತ್ರೆ. ವೈದ್ಯರು ಅದನ್ನು ‘ಜೀವಕೋಶ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಪೀನಿಯಾ ಎಂದರೆ ಬಡತನ. ಮೂರನ್ನೂ ಕೂಡಿಸಿದರೆ ‘ಹೆಪ್ಪುಗಟ್ಟಿಸುವ ಕಣಗಳ ಬಡತನ’, ಅಂದರೆ ಪ್ಲೇಟ್‌ಲೆಟ್ ಕಡಿಮೆ ಇದೆ ಎಂದಷ್ಟೇ.

ಅರ್ಥ ಹುಡುಕುವಾಗ ಕೊನೆಯ ತುಂಡಿನಿಂದ ಶುರುಮಾಡಬೇಕು. ‘ರಾಜನ ಅರಮನೆ’ ಎಂದಾಗ ಮಾತು ಅರಮನೆಯದು, ರಾಜನದಲ್ಲ; ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಮುಖ್ಯ. ಇಲ್ಲಿಯೂ ಹಾಗೆಯೇ. ಏನಾಗಿದೆ ಎಂಬುದನ್ನು ಬಾಲ ಹೇಳುತ್ತದೆ, ಎಲ್ಲಿ ಎಂಬುದನ್ನು ನಡುವಿನ ತುಂಡು ಹೇಳುತ್ತದೆ. ಮೊದಲಲ್ಲಿ ಇನ್ನೊಂದು ತುಂಡು ಅಂಟಿಕೊಂಡಿದ್ದರೆ ಅದು ನಮ್ಮ ಉಪಸರ್ಗದಂತೆ ಹೆಚ್ಚು, ಕಡಿಮೆ, ಇಲ್ಲ, ಸುತ್ತ ಎಂಬ ಅರ್ಥ ಸೇರಿಸುತ್ತದೆ.

ಹೆಸರು ಹೇಳದಿರುವ ಸಂಗತಿಯೂ ಒಂದಿದೆ, ಅದು ಪ್ರಮಾಣ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುವುದು ಸಹಜ. 1.4 ಲಕ್ಷಕ್ಕೆ ಇಳಿದರೂ ಥ್ರಾಂಬೊಸೈಟೊಪೀನಿಯಾ, 14 ಸಾವಿರಕ್ಕೆ ಇಳಿದರೂ ಅದೇ ಹೆಸರು. ಎರಡಕ್ಕೂ ಅಜಗಜಾಂತರ. ಆದ್ದರಿಂದ ಪದ ಅರ್ಥವಾದೊಡನೆ ಕಣ್ಣು ಪಕ್ಕದ ಅಂಕಿಯ ಮೇಲೆ ಹೋಗಬೇಕು. ಊರಿಗೆ ಫೋನು ಮಾಡಿ ಹೇಳುವಾಗಲೂ ಹೆಸರಿನ ಜೊತೆ ಅಂಕಿಯನ್ನು ಹೇಳುವುದೇ ಸರಿ.

ನಡುವೆ ಬರುವ ‘ಒ’

ತುಂಡುಗಳ ಮಧ್ಯೆ ಒಂದು ‘ಒ’ ಪದೇ ಪದೇ ಕಾಣಿಸುತ್ತದೆ. ಅದಕ್ಕೆ ಅರ್ಥವಿಲ್ಲ, ನುಡಿಯಲು ಸಲೀಸಾಗಲೆಂದು ಇಟ್ಟ ಬೆಸುಗೆ. ಗ್ಯಾಸ್ಟರ್ ಎಂದರೆ ಹೊಟ್ಟೆ. ‘ಸ್ಕೋಪಿ’, ಅಂದರೆ ನೋಡುವುದು, ವ್ಯಂಜನದಿಂದ ಶುರುವಾಗುವುದರಿಂದ ಗ್ಯಾಸ್ಟ್ರ್-ಒ-ಸ್ಕೋಪಿ. ‘ಐಟಿಸ್’ ಸ್ವರದಿಂದ ಶುರುವಾಗುವುದರಿಂದ ಒ ಬಿದ್ದುಹೋಗಿ ಗ್ಯಾಸ್ಟ್ರೈಟಿಸ್. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬೀಳುತ್ತದಲ್ಲ, ಆ ಲೋಪಸಂಧಿಯ ಹಾಗೆಯೇ. ಎರಡು ಅಂಗಗಳ ಹೆಸರು ಸೇರುವಾಗ ಮಾತ್ರ ಮುಂದೆ ಸ್ವರವಿದ್ದರೂ ಒ ಉಳಿಯುತ್ತದೆ: ಗ್ಯಾಸ್ಟ್ರೊ-ಎಂಟರೈಟಿಸ್, ಹೊಟ್ಟೆ ಮತ್ತು ಕರುಳಿನ ಉರಿಯೂತ.

ಇದೇ ಜಾಗದಲ್ಲಿ ನಮ್ಮವರು ಎಡವುವ ಒಂದು ಮಾತನ್ನು ಹೇಳಿಬಿಡಬೇಕು. ‘ನನಗೆ ಗ್ಯಾಸ್ಟ್ರಿಕ್ ಆಗಿದೆ’ ಎನ್ನುತ್ತೇವೆ. ಮನಸ್ಸಿನಲ್ಲಿರುವುದು ಹೊಟ್ಟೆಯಲ್ಲಿ ತುಂಬಿದ ಗ್ಯಾಸು. ಎರಡಕ್ಕೂ ಸಂಬಂಧವೇ ಇಲ್ಲ. ಗ್ಯಾಸ್ಟ್ರಿಕ್ ಎಂದರೆ ‘ಹೊಟ್ಟೆಗೆ ಸೇರಿದ್ದು’ ಎಂಬ ವಿಶೇಷಣ ಮಾತ್ರ, ಅದು ರೋಗದ ಹೆಸರಲ್ಲ. ಗ್ಯಾಸ್ ಎಂಬುದು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಹೊಸದಾಗಿ ಹುಟ್ಟಿಸಿದ ಪದ. ಡಾಕ್ಟರ ಮುಂದೆ ‘ಗ್ಯಾಸ್ಟ್ರಿಕ್’ ಎಂದು ನಾವೇ ತೀರ್ಪು ಕೊಡುವ ಬದಲು ಎದೆ ಉರಿಯುತ್ತದೋ, ಹೊಟ್ಟೆ ಉಬ್ಬರಿಸಿದೆಯೋ, ಎದೆ ಬಿಗಿಹಿಡಿದು ನೋವು ತೋಳಿಗೋ ದವಡೆಗೋ ಹರಿಯುತ್ತದೋ ಎಂದು ಬಿಡಿಸಿ ಹೇಳಬೇಕು. ಹೃದಯಾಘಾತದ ನೋವನ್ನು ಗ್ಯಾಸ್ಟ್ರಿಕ್ ಎಂದು ತಿಳಿದು ಮನೆಯಲ್ಲೇ ಉಳಿದವರು ಕಳೆದುಕೊಳ್ಳುವುದು ಬಹಳ ಬೆಲೆಬಾಳುವ ಹೊತ್ತನ್ನು.

ಬಾಲಗಳು ಏನು ಹೇಳುತ್ತವೆ

ಹತ್ತು-ಹದಿನೈದು ಬಾಲಗಳನ್ನು ತಿಳಿದುಕೊಂಡರೆ ಸಾಮಾನ್ಯ ರಿಪೋರ್ಟುಗಳ ಬಹುಪಾಲು ಪದಗಳು ಬಾಯಿಬಿಡುತ್ತವೆ.

‘ಐಟಿಸ್’ ಎಂದರೆ ಉರಿಯೂತ. ಮೂಲದಲ್ಲಿ ಅದಕ್ಕೆ ಅಷ್ಟು ಖಚಿತ ಅರ್ಥವಿರಲಿಲ್ಲ. ಗ್ರೀಕರು ‘ಆರ್ಥ್ರೈಟಿಸ್ ನೊಸೊಸ್’ ಎನ್ನುತ್ತಿದ್ದರು, ಅಂದರೆ ‘ಕೀಲಿಗೆ ಸೇರಿದ ರೋಗ’. ಬರಬರುತ್ತ ‘ರೋಗ’ ಎಂಬ ಪದ ಉದುರಿ, ‘ಸೇರಿದ’ ಎಂಬ ಪ್ರತ್ಯಯವೇ ಉಳಿದು, ಉರಿಯೂತ ಎಂಬ ಅರ್ಥ ಹೊತ್ತುಕೊಂಡಿತು. ಉರಿಯೂತಕ್ಕೆ ಒಂದನೇ ಶತಮಾನದ ರೋಮಿನ ಲೇಖಕ ಸೆಲ್ಸಸ್ ನಾಲ್ಕು ಗುರುತು ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಅದನ್ನೇ ಕಲಿಯುತ್ತಾರೆ. ಐಟಿಸ್ ಎಂದ ಮಾತ್ರಕ್ಕೆ ಸೋಂಕು ಎಂದಲ್ಲ, ಇದು ಮುಖ್ಯ. ಸಂಧಿವಾತದಲ್ಲಿ ಕೀಲು ಊದಿಕೊಳ್ಳುವುದಕ್ಕೆ ರೋಗಾಣು ಬೇಕಿಲ್ಲ, ಹಾಗಾಗಿ ಎಲ್ಲ ಐಟಿಸ್‌ಗೂ ಆ್ಯಂಟಿಬಯೋಟಿಕ್ ಕೊಡುವುದಿಲ್ಲ.

‘ಓಸಿಸ್’ ಎಂದರೆ ಒಂದು ಸ್ಥಿತಿ. ಸೋನೋಗ್ರಫಿಯಲ್ಲಿ ಬರುವ ಹೈಡ್ರೊನೆಫ್ರೋಸಿಸ್ ನೋಡಿ: ಹೈಡ್ರೊ ನೀರು, ನೆಫ್ರೊಸ್ ಮೂತ್ರಪಿಂಡ. ಮೂತ್ರ ಕೆಳಗಿಳಿಯಲಾರದೆ ನಿಂತು ಮೂತ್ರಪಿಂಡ ಹಿಗ್ಗಿದೆ ಎಂದರ್ಥ. ದಾರಿಗೆ ಕಲ್ಲು ಅಡ್ಡ ಬಂದಿರುವುದು ಇದರ ಸಾಮಾನ್ಯ ಕಾರಣಗಳಲ್ಲೊಂದು. ‘ಲಿಥಿಯಾಸಿಸ್’ ಕಲ್ಲಾಗುವುದು. ಕೋಲೆ ಪಿತ್ತ, ಆದ್ದರಿಂದ ಕೋಲೆಲಿಥಿಯಾಸಿಸ್ ಪಿತ್ತಕೋಶದ ಕಲ್ಲು. ‘ಮೆಗಲಿ’ ದೊಡ್ಡದಾಗಿರುವುದು. ಹೆಪಟೊಸ್ಪ್ಲೀನೊಮೆಗಲಿ ಎಂಬ ಅಷ್ಟುದ್ದದ ಪದ ಹೇಳುವುದು ಯಕೃತ್ತು ಮತ್ತು ಗುಲ್ಮ ದೊಡ್ಡದಾಗಿವೆ ಎಂದಷ್ಟನ್ನೇ. ‘ಈಮಿಯಾ’ ರಕ್ತದಲ್ಲಿ, ‘ಯೂರಿಯಾ’ ಎಂಬ ಬಾಲ ಮೂತ್ರದಲ್ಲಿ.

ಅತಿ ಹೆಚ್ಚು ಹೆದರಿಸುವ ಬಾಲ ‘ಓಮಾ’. ಅದರ ಅರ್ಥ ಗಡ್ಡೆ ಅಥವಾ ಊತ, ಕ್ಯಾನ್ಸರ್ ಎಂದಲ್ಲ. ಲೈಪೋಮಾ ಚರ್ಮದಡಿಯ ಕೊಬ್ಬಿನ ಗಂಟು, ಹೆಮಟೋಮಾ ಪೆಟ್ಟು ಬಿದ್ದಲ್ಲಿ ಕಟ್ಟಿದ ರಕ್ತ. ಕಣ್ಣಿನ ಕಾಯಿಲೆಯಾದ ಗ್ಲಾಕೋಮಾದಲ್ಲಿ ಗಡ್ಡೆಯೇ ಇಲ್ಲ. ಆದರೆ ಕಾರ್ಸಿನೋಮಾ, ಸಾರ್ಕೋಮಾ, ಲಿಂಫೋಮಾ, ಮೆಲನೋಮಾ ಈ ನಾಲ್ಕು ಕ್ಯಾನ್ಸರಿನ ಹೆಸರುಗಳೇ. ಇಲ್ಲಿ ಬಾಲ ಒಂದನ್ನೇ ನಂಬಿದರೆ ಎರಡೂ ಕಡೆ ಮೋಸಹೋಗುತ್ತೇವೆ.

ಕಾರ್ಸಿನೋಮಾದಲ್ಲಿರುವ ಕಾರ್ಕಿನೊಸ್ ಎಂದರೆ ಏಡಿ. ಗ್ರೀಕ್ ವೈದ್ಯ ಹಿಪ್ಪೊಕ್ರಟೀಸನ ಕಾಲದ ಬರಹಗಳಲ್ಲೇ ಆ ಹೆಸರಿದೆ. ಗಡ್ಡೆಯ ಸುತ್ತ ಉಬ್ಬಿ ಹರಡಿದ ರಕ್ತನಾಳಗಳು ಏಡಿಯ ಕಾಲುಗಳಂತಿರುತ್ತವೆ ಎಂದು ಮುಂದೆ ಗ್ಯಾಲೆನ್ ಎಂಬ ವೈದ್ಯ ವಿವರಿಸಿದ. ಲ್ಯಾಟಿನ್‌ನಲ್ಲಿ ಏಡಿಗೆ ‘ಕ್ಯಾನ್ಸರ್’. ಸಂಸ್ಕೃತದ ಕರ್ಕಟ, ನಮ್ಮ ಕರ್ಕಾಟಕ ರಾಶಿ ಇದೇ ಬಳಗದವು. ಮರಾಠಿಯಲ್ಲಿ ಕರ್ಕರೋಗ, ಕನ್ನಡದ ನಿಘಂಟಿನಲ್ಲಿ ಏಡಿಗಂತಿ. ಐದು ಭಾಷೆಯಲ್ಲೂ ಒಂದೇ ಏಡಿ.

ಕೊಯ್ಯುವುದು, ತೆಗೆಯುವುದು, ಬಾಯಿ ಮಾಡುವುದು

ಆಪರೇಷನ್ನಿನ ಬಾಲಗಳನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಕಿವಿಗೆ ಮೂರೂ ಒಂದೇ ತರಹ ಕೇಳಿಸುತ್ತವೆ. ಟೊಮೆ ಎಂದರೆ ಕೊಯ್ತ. ‘ಆಟಮಿ’ ಕೊಯ್ದು ತೆರೆಯುವುದು. ಲ್ಯಾಪರಾಟಮಿ ಎಂದರೆ ಹೊಟ್ಟೆ ತೆರೆದು ನೋಡಿದರು ಎಂದು, ಏನನ್ನಾದರೂ ತೆಗೆದರೆಂದಲ್ಲ. ಅದರ ಹಿಂದೆ ‘ಎಕ್’, ಅಂದರೆ ಹೊರಕ್ಕೆ, ಸೇರಿದರೆ ‘ಎಕ್ಟಮಿ’, ಕೊಯ್ದು ತೆಗೆಯುವುದು. ಪಿತ್ತಕೋಶ ತೆಗೆದರೆ ಕೋಲೆಸಿಸ್ಟೆಕ್ಟಮಿ, ಗರ್ಭಕೋಶ ತೆಗೆದರೆ ಹಿಸ್ಟರೆಕ್ಟಮಿ. ‘ಆಸ್ಟಮಿ’ಯ ಒಳಗಿರುವುದು ಸ್ಟೊಮಾ, ಎಂದರೆ ಬಾಯಿ. ಕೊಲೆಕ್ಟಮಿಯಲ್ಲಿ ದೊಡ್ಡ ಕರುಳಿನ ಭಾಗವನ್ನೋ ಪೂರ್ತಿಯನ್ನೋ ತೆಗೆಯುತ್ತಾರೆ. ಕೊಲಾಸ್ಟಮಿಯಲ್ಲಿ ಹೊಟ್ಟೆಯ ಚರ್ಮದ ಮೇಲೆ ಕರುಳಿಗೊಂದು ಬಾಯಿ ಮಾಡುತ್ತಾರೆ. ರೋಗಿ ಚೀಲ ಕಟ್ಟಿಕೊಂಡಿರಬೇಕಾಗುತ್ತದೆ. ಒಬ್ಬರಿಗೆ ಎರಡೂ ಆಗಿರಬಹುದು, ಒಂದೇ ಆಗಿರಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಬಾಲವನ್ನು ಬೆರಳಿಟ್ಟು ಓದಿ.

ಇನ್ನೊಂದು ಜೋಡಿ ಆಂಜಿಯೊಗ್ರಫಿ ಮತ್ತು ಆಂಜಿಯೊಪ್ಲಾಸ್ಟಿ. ‘ಅಪ್ಪನಿಗೆ ಆಂಜಿಯೊ ಆಯಿತು’ ಎಂದರೆ ಯಾವುದು? ಆಂಜಿಯೊ ಎಂದರೆ ನಾಳ. ಗ್ರಫಿ ಬರೆಯುವುದು, ಚಿತ್ರ ತೆಗೆಯುವುದು, ಅದು ಪರೀಕ್ಷೆ. ಪ್ಲಾಸ್ಟಿ ರೂಪ ಕೊಡುವುದು. ಕಟ್ಟಿಕೊಂಡ ನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ, ಸಾಮಾನ್ಯವಾಗಿ ಸ್ಟೆಂಟ್ ಕೂಡ ಹಾಕುತ್ತಾರೆ. ಮೆಡಿಕ್ಲೇಮ್ ಅರ್ಜಿಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಕಾಗದಗಳು ತಾಳೆಯಾಗುವುದಿಲ್ಲ. ಮುಂದೊಮ್ಮೆ ಬೇರೆ ಡಾಕ್ಟರಿಗೆ ಹಳೆಯ ಕಾಯಿಲೆ ಹೇಳುವಾಗಲೂ ಸ್ಟೆಂಟ್ ಇದೆಯೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ.

ದಾಯಾದಿ ಪದಗಳು

1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಒಂದು ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಕವಲೊಡೆದವೆಂದು ಹೇಳಿದ. ಒಂದರಿಂದ ಇನ್ನೊಂದು ಎರವಲು ಪಡೆಯಿತು ಎಂದಲ್ಲ. ಮೂರೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಕನ್ನಡ ಆ ಕುಟುಂಬದ್ದಲ್ಲ, ಆದರೆ ಸಂಸ್ಕೃತದಿಂದ ಬೇಕಾದಷ್ಟು ಪದ ಪಡೆದಿದೆ. ಹೀಗಾಗಿ ಆಸ್ಪತ್ರೆಯ ಕಾಗದದಲ್ಲಿ ನಮಗೆ ಪರಿಚಯದ ಮುಖಗಳು ಸಿಗುತ್ತವೆ. ಅಸ್ಥಿಗೆ ಗ್ರೀಕಿನಲ್ಲಿ ಆಸ್ಟಿಯೊನ್, ಅದರಿಂದ ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್. ದಂತಕ್ಕೆ ಲ್ಯಾಟಿನ್ ಡೆಂಟ್, ಗ್ರೀಕ್ ಒಡೊಂಟ್. ಯಕೃತ್ತಿಗೆ ಹೆಪಾರ್. ಅಂತ್ರಕ್ಕೆ ಎಂಟರೊನ್, ಮರಾಠಿಯವರು ಕರುಳಿಗೆ ಆತಡೆ ಎನ್ನುವುದೂ ಈ ಅಂತ್ರದಿಂದಲೇ. ಪಚನದ ‘ಪಚ್’ ಗ್ರೀಕಿನಲ್ಲಿ ‘ಪೆಪ್’ ಆಗಿ ಡಿಸ್‌ಪೆಪ್ಸಿಯಾದಲ್ಲಿ ಕೂತಿದೆ. ಅಡುಗೆಯ ಪಾಕಕ್ಕೂ ಅಜೀರ್ಣದ ಹೆಸರಿಗೂ ಬೇರು ಒಂದೇ.

ಉಪಸರ್ಗಗಳಲ್ಲಿ ಈ ನಂಟು ಇನ್ನೂ ಸ್ಪಷ್ಟ. ಡಿಸ್‌ಪೆಪ್ಸಿಯಾ, ಡಿಸೆಂಟ್ರಿಗಳ ‘ಡಿಸ್’ ನಮ್ಮ ದುಸ್, ದುರ್. ಹೃದಯದ ಸುತ್ತಲಿನ ಪೊರೆ ಪೆರಿಕಾರ್ಡಿಯಮ್‌ನ ‘ಪೆರಿ’ ನಮ್ಮ ಪರಿ. ಇಲ್ಲ ಎನ್ನುವುದಕ್ಕೆ ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್: ಅಶಕ್ತ, ಅನಾರೋಗ್ಯ. ಗ್ರೀಕಿನ ನಿಯಮವೂ ಅಕ್ಷರಶಃ ಅದೇ. ಅನ್ ಮತ್ತು ಹೈಮಾ, ಎಂದರೆ ರಕ್ತ, ಸೇರಿ ಅನೀಮಿಯಾ; ಗ್ರೀಕಿನಲ್ಲಿ ಮೊದಲಿನ ಹಕಾರವನ್ನು ವ್ಯಂಜನವೆಂದು ಎಣಿಸುವುದಿಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13 ಗ್ರಾಮಿಗಿಂತ ಕೆಳಗಿದ್ದರೆ ಈ ಹೆಸರು ಬರುತ್ತದೆ.

ಹೈಪೊ ಮತ್ತು ಹೈಪರ್ ಜೋಡಿಯೇ ಜನರನ್ನು ಹೆಚ್ಚು ಕಾಡುವುದು. ಹೈಪೊ ನಮ್ಮ ‘ಉಪ’, ಕೆಳಗಿನದು. ಹೈಪರ್ ನಮ್ಮ ‘ಉಪರಿ’, ಮೇಲಿನದು. ಮುಂಬೈ ಉಪನಗರ ಎಂಬ ಹೆಸರು ದಿನಾ ಕಣ್ಣಿಗೆ ಬೀಳುವವರಿಗೆ ಇದನ್ನು ನೆನಪಿಡುವುದು ಸುಲಭ: ಉಪ ಇದ್ದರೆ ಕಡಿಮೆ. ಹೈಪೊಗ್ಲೈಸೀಮಿಯಾ ಎಂದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಿದೆ. ಬೆವರು, ನಡುಕ, ಗಲಿಬಿಲಿ ಬರುತ್ತದೆ. ಎಚ್ಚರವಿದ್ದು ನುಂಗಬಲ್ಲವರಿಗೆ ಸುಮಾರು 15 ಗ್ರಾಂ, ಅಂದರೆ ಮೂರು ಚಮಚದಷ್ಟು ಸಕ್ಕರೆ ನೀರಿನಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು ಕ್ರಮ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಫೋನಿನಲ್ಲಿ ಇದನ್ನು ‘ಹೈಪರ್’ ಎಂದು ಕೇಳಿಸಿಕೊಂಡವರು ಸಕ್ಕರೆ ಕೊಡಬೇಕಾದ ಹೊತ್ತಿನಲ್ಲಿ ತಡೆದುಬಿಡುತ್ತಾರೆ. ಆದ್ದರಿಂದ ಮನೆಯವರಿಗೆ ಹೇಳುವಾಗ ‘ಶುಗರ್ ಕಡಿಮೆಯಾಗಿದೆ’ ಎಂದು ಕನ್ನಡದಲ್ಲೇ ಹೇಳುವುದು ಕ್ಷೇಮ.

ಎರಡು ಭಾಷೆ ಯಾಕೆ

ಮೂತ್ರಪಿಂಡದ ವೈದ್ಯರು ನೆಫ್ರಾಲಜಿಸ್ಟ್, ಪರೀಕ್ಷೆ ಮಾತ್ರ ರೀನಲ್ ಪ್ರೊಫೈಲ್. ನೆಫ್ರೊಸ್ ಗ್ರೀಕ್, ರೆನ್ ಲ್ಯಾಟಿನ್. ಚರ್ಮಕ್ಕೆ ಡರ್ಮ ಮತ್ತು ಕ್ಯೂಟಿಸ್, ಮೂಗಿಗೆ ರೈನೊ ಮತ್ತು ನೇಸಲ್. ಸ್ಥೂಲವಾಗಿ ಹೇಳುವುದಾದರೆ ದೇಹದ ಭಾಗಗಳಿಗೆ ಲ್ಯಾಟಿನ್, ರೋಗಕ್ಕೂ ಚಿಕಿತ್ಸೆಗೂ ಗ್ರೀಕ್.

ಕಾರಣ ಚರಿತ್ರೆಯಲ್ಲಿದೆ. ಯುರೋಪಿನಲ್ಲಿ ವೈದ್ಯಶಾಸ್ತ್ರವನ್ನು ಮೊದಲು ಬರೆದಿಟ್ಟವರು ಗ್ರೀಕರು. ರೋಮ್ ಗೆದ್ದ ಮೇಲೂ ಅಲ್ಲಿ ಹೆಸರಾಂತ ವೈದ್ಯನಾದ ಗ್ಯಾಲೆನ್ ಬರೆದದ್ದು ಗ್ರೀಕಿನಲ್ಲೇ. 9ನೇ ಶತಮಾನದಲ್ಲಿ ಬಾಗ್ದಾದಿನ ಹುನೈನ್ ಇಬ್ನ್ ಇಸ್ಹಾಕ್ ಆ ಗ್ರಂಥಗಳನ್ನು ಅರಬ್ಬಿ, ಸಿರಿಯಾಕ್ ಭಾಷೆಗಳಿಗೆ ತಂದ. 12ನೇ ಶತಮಾನದಲ್ಲಿ ಅವು ಅರಬ್ಬಿಯಿಂದ ಲ್ಯಾಟಿನ್‌ಗೆ ಬಂದವು. ಆ ಪಯಣದ ಗುರುತು ನಮ್ಮ ತಲೆಯೊಳಗೇ ಇದೆ. ಮೆದುಳಿನ ಗಟ್ಟಿ ಹೊದಿಕೆಯ ಹೆಸರು ಡ್ಯೂರಾ ಮೇಟರ್, ‘ಗಟ್ಟಿ ತಾಯಿ’. ಪೊರೆಗೆ ತಾಯಿ ಎನ್ನುವುದು ಅರಬ್ಬಿಯ ರೂಢಿ. ಅನುವಾದಕರು ಅದನ್ನು ಹಾಗೆಯೇ ಲ್ಯಾಟಿನ್‌ಗೆ ಇಳಿಸಿದರು. 1543ರಲ್ಲಿ ವೆಸೇಲಿಯಸ್ ಎಂಬ ವೈದ್ಯ ಹೆಣ ಕೊಯ್ದು ಕಂಡದ್ದನ್ನು ಲ್ಯಾಟಿನ್‌ನಲ್ಲಿ ಅಚ್ಚುಮಾಡಿಸಿದ ಮೇಲೆ ಅಂಗಗಳ ಹೆಸರು ಲ್ಯಾಟಿನ್‌ನಲ್ಲೇ ನಿಂತವು. ಒಂದೊಂದು ಅಂಗಕ್ಕೂ ಹಲವು ಹೆಸರಾಗಿ ಗೊಂದಲವಾದಾಗ 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೇರಿದ ತಜ್ಞರು ಸುಮಾರು 50,000 ಹೆಸರುಗಳನ್ನು 5,000ದ ಆಸುಪಾಸಿಗೆ ಇಳಿಸಿದರು.

ಆ ಹೆಸರುಗಳು ಬಹಳ ಮನೆವಾರ್ತೆಯವು. ಮೊಣಕಾಲ ಚಿಪ್ಪಿಗೆ ಪಟೆಲ್ಲಾ, ಚಿಕ್ಕ ತಟ್ಟೆ. ಮರಾಠಿಯಲ್ಲಿ ಅದಕ್ಕೆ ಗುಡಘ್ಯಾಚಿ ವಾಟಿ, ಮೊಣಕಾಲ ಬಟ್ಟಲು. ಟಿಬಿಯಾ ಕೊಳಲು. ಮಸಲ್ ಎಂದರೆ ಪುಟ್ಟ ಇಲಿ, ಮೂಷಕದ ದಾಯಾದಿ. ಸಣ್ಣ ಕರುಳಿನ ಮೊದಲ ಭಾಗ ಡುವೊಡೀನಮ್, ಹನ್ನೆರಡು ಬೆರಳಗಲ.

ನಮ್ಮ ಕರಾವಳಿಯ ಮೂರು ಪದಗಳು

ಕಾಲರಾ ಬಂದದ್ದು ಕೋಲೆ, ಅಂದರೆ ಪಿತ್ತದಿಂದ. 1563ರಲ್ಲಿ ಗೋವಾದಲ್ಲಿ ಅಚ್ಚಾದ ಪುಸ್ತಕದಲ್ಲಿ ಗಾರ್ಸಿಯಾ ದ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯ ಈ ರೋಗವನ್ನು ವಿವರಿಸಿ, ಊರವರ ಹೆಸರನ್ನೂ ಬರೆದಿಟ್ಟ. ಕೊಂಕಣಿ-ಮರಾಠಿಯ ಮೋಡಶಿ ಪೋರ್ಚುಗೀಸರ ಬಾಯಲ್ಲಿ ಮೊರ್ಡೆಶಿ ಆಯಿತು. ಫ್ರೆಂಚರ ಕಿವಿಗೆ ಅದು ‘ನಾಯಿಯ ಸಾವು’ ಎಂಬರ್ಥದ ಮೋರ್ ದ ಶಿಯೆನ್ ಎಂದು ಕೇಳಿಸಿತು. ಕಿವಿಗೆ ಕೇಳಿದಂತೆ ಅರ್ಥ ಹಚ್ಚುವುದು ಎಲ್ಲ ಕಾಲದಲ್ಲೂ ಇದ್ದದ್ದೇ.

ವ್ಯಾಕ್ಸೀನ್‌ನ ಒಳಗಿರುವುದು ಲ್ಯಾಟಿನ್ ವಕ್ಕಾ, ಹಸು. ದನದ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಇಂಗ್ಲೆಂಡಿನ ವೈದ್ಯ ಜೆನ್ನರ್ 1798ರಲ್ಲಿ ಪ್ರಕಟಿಸಿದ. ಭಾರತದಲ್ಲಿ ಆ ಲಸಿಕೆ ಮೊದಲು ತಗುಲಿದ್ದು 1802ರ ಜೂನ್ 14ರಂದು, ಮುಂಬೈಯ ಮೂರು ವರ್ಷದ ಹೆಣ್ಣುಮಗುವಿಗೆ.

ಮೂರನೆಯದು ಮುಂಬೈಯವರು ‘ಲೆಪ್ಟೊ’ ಎಂದು ಮೊಟಕು ಮಾಡಿರುವ ಲೆಪ್ಟೊಸ್ಪೈರೋಸಿಸ್. ಲೆಪ್ಟೊಸ್ ತೆಳು, ಸ್ಪೈರಾ ಸುರುಳಿ. ರೋಗಾಣು ಸೂಕ್ಷ್ಮದರ್ಶಕದಲ್ಲಿ ಕಾಣುವ ರೂಪವೇ ಹೆಸರು. ಇಲಿಯ ಮೂತ್ರ ಬೆರೆತ ಮಳೆನೀರಿನಲ್ಲಿ ನಡೆದಾಗ ಕಾಲಿನ ಗಾಯದ ಮೂಲಕ ಒಳಹೊಗುತ್ತದೆ. ನೀರು ತುಂಬಿದ ಬೀದಿಯಲ್ಲಿ ನಡೆದ ಮೇಲೆ ಜ್ವರ ಬಂದರೆ ಆ ಸಂಗತಿಯನ್ನು ಡಾಕ್ಟರಿಗೆ ಮೊದಲೇ ಹೇಳಿ.

ಒಂದಕ್ಷರದ ಅಪಾಯ

ಡಿಸ್‌ಫೇಜಿಯಾ ನುಂಗಲಾಗದಿರುವುದು, ಡಿಸ್‌ಫೇಸಿಯಾ ಮಾತು ತೊಡಕುವುದು. ಇಲಿಯಮ್ ಎಂದು ನುಡಿಯುವ ಎರಡು ಪದಗಳಲ್ಲಿ ಒಂದು ಸಣ್ಣ ಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ; ರೋಮನ್ ಲಿಪಿಯಲ್ಲಿ ಒಂದೇ ಸ್ವರದ ವ್ಯತ್ಯಾಸ. ಮಯೊ ಸ್ನಾಯು, ಮಯಲೊ ಮಜ್ಜೆ ಅಥವಾ ಬೆನ್ನುಹುರಿ. ಡಯಾಬಿಟಿಸ್ ಎಂದರೆ ಹರಿದುಹೋಗುವುದು; ಅದಕ್ಕೆ ‘ಜೇನಿನಂತೆ ಸಿಹಿ’ ಎಂಬ ಮೆಲ್ಲಿಟಸ್ ಸೇರಿದರೆ ನಮ್ಮ ಮಧುಮೇಹ, ‘ರುಚಿಯಿಲ್ಲದ್ದು’ ಎಂಬ ಇನ್ಸಿಪಿಡಸ್ ಸೇರಿದರೆ ಸಕ್ಕರೆಗೆ ಸಂಬಂಧವೇ ಇಲ್ಲದ, ವಿಪರೀತ ಮೂತ್ರ ಹೋಗುವ ಬೇರೆ ಕಾಯಿಲೆ. ಇಂಥ ಪದಗಳನ್ನು ಬಾಯಿಮಾತಿನಲ್ಲಿ ದಾಟಿಸಬೇಡಿ, ಫೋಟೊ ತೆಗೆದು ಕಳಿಸಿ.

ಔಷಧದ ಚೀಟಿಯ ಲ್ಯಾಟಿನ್

ಚೀಟಿಯಲ್ಲಿ ಉಳಿದಿರುವುದು ಲ್ಯಾಟಿನ್‌ನ ಮೊದಲಕ್ಷರಗಳು. ಬಿಡಿ (BD) ಎಂದರೆ ‘ಬಿಸ್ ಡಿಯೆ’, ದಿನಕ್ಕೆ ಎರಡು ಸಲ. ಆ ಡಿಯೆ ನಮ್ಮ ದಿವಸದ ನೆಂಟ. ಟಿಡಿಎಸ್ ಮೂರು ಸಲ. ಎಚ್ಎಸ್ ಮಲಗುವ ಹೊತ್ತಿಗೆ. ಎಸಿ ಊಟಕ್ಕೆ ಮುಂಚೆ, ಪಿಸಿ ಊಟದ ನಂತರ. ಎಸ್ಒಎಸ್ ಎಂದರೆ ‘ಸಿ ಓಪುಸ್ ಸಿಟ್’, ಅಗತ್ಯ ಬಿದ್ದರೆ ಮಾತ್ರ. ಅದನ್ನು ದಿನಾ ನುಂಗುವ ಗುಳಿಗೆ ಎಂದು ತಿಳಿಯುವವರು ಬಹಳ. ಎಷ್ಟು ಹೊತ್ತಿನ ಅಂತರ ಇರಬೇಕು, ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ.

ಒಡಿ (OD) ಎಂಬುದಕ್ಕೆ ಎರಡು ಅರ್ಥವಿದೆ. ಮಾತ್ರೆಯ ಮುಂದೆ ಬರೆದರೆ ದಿನಕ್ಕೊಮ್ಮೆ. ಕಣ್ಣಿನ ಡಾಕ್ಟರು ಬರೆದರೆ ‘ಓಕುಲುಸ್ ಡೆಕ್ಸ್ಟರ್’, ಬಲಗಣ್ಣು, ಎಡಗಣ್ಣಿಗೆ ಒಎಸ್. ಡೆಕ್ಸ್ಟರ್ ನಮ್ಮ ದಕ್ಷಿಣದ ಬಳಗದ್ದು, ಬಲಗಡೆಯದು. ಆದ್ದರಿಂದ ಕಣ್ಣಿನ ತೊಟ್ಟು ಔಷಧದ ಚೀಟಿಯಲ್ಲಿ ಒಡಿ ಕಂಡರೆ ಯಾವ ಕಣ್ಣಿಗೆ, ದಿನಕ್ಕೆ ಎಷ್ಟು ಸಲ ಎಂಬ ಎರಡನ್ನೂ ಅಲ್ಲೇ ಕೇಳಿ, ಬಾಟಲಿಯ ಮೇಲೆ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.